‘ಹೋಪ್‌ಲೆಸ್’ ಎಂಬ ಒಂದು ವಿಶೇಷಣ

ಇಂಗ್ಲಿಷು ಬಾರದವರ ಮನೆಗಳಲ್ಲಿಯೂ ನೆಂಟರಂತೆ ಓಡಾಡಿಕೊಂಡಿರುವ ಇಂಗ್ಲಿಷು ಶಬ್ದಗಳು ಕೆಲವುಂಟು. ‘ಹೋಪ್‌ಲೆಸ್’ ಎಂಬುದು ಅವುಗಳಲ್ಲೊಂದು. ಬಸ್ಸು ಹೊತ್ತಿಗೆ ಬಾರದಿದ್ದರೆ ಹೋಪ್‌ಲೆಸ್. ಸಾರಿಗೆ ಉಪ್ಪು ಹೆಚ್ಚಾದರೆ ಹೋಪ್‌ಲೆಸ್. ಹೊಸ ಅಳಿಯನು ನಾಲ್ಕು ಜನರ ನಡುವೆ ಬಾಯಿಬಿಡದೆ ಕುಳಿತರೆ ಅವನೂ ಹೋಪ್‌ಲೆಸ್. ಹೀಗೆ ಆಡುವವರ ಮನಸ್ಸಿನಲ್ಲಿ ನಿರಾಶೆಯೆಂಬುದು ಎಳ್ಳಷ್ಟೂ ಇರುವುದಿಲ್ಲ. ಅದು ಮಾತಿಗೆ ಹಾಕುವ ಒಗ್ಗರಣೆ, ಸಿಡಿದು ಸುಮ್ಮನಾಗುತ್ತದೆ. ಆದರೆ ಅದೇ ಶಬ್ದವನ್ನು ಕೆಂಪು ಮಸಿಯಲ್ಲಿ, ಒಬ್ಬ ಬಾಲಕನ ಹೆಸರಿನ ಕೆಳಗೆ, ಸರಕಾರಿ ಮೊಹರಿನ ಕಾಗದದ ಮೇಲೆ ಬರೆದರೆ ಅದರ ತೂಕ ಬೇರೆಯಾಗುತ್ತದೆ.

ಸುಮಾರು ನಲವತ್ತು ವರ್ಷಗಳಿಗೆ ಹಿಂದೆ ಮೈಸೂರು ಸೀಮೆಯ ಒಂದು ತಾಲ್ಲೂಕು ಊರಿನ ಪ್ರೌಢಶಾಲೆಗೆ ಸಂಸ್ಕೃತದ ಉಪಾಧ್ಯಾಯರೊಬ್ಬರು ಬಂದಿದ್ದರು. ವಯಸ್ಸು ಇಪ್ಪತ್ತೈದನ್ನು ದಾಟಿರಲಿಲ್ಲ. ಆದರೂ ಸಂಸ್ಕೃತ ಹೇಳುವವರನ್ನು ಪಂಡಿತರೆಂದೇ ಕರೆಯುವುದು ಶಾಲೆಗಳ ವಾಡಿಕೆಯಾದುದರಿಂದ ಅವರು ಬಂದ ದಿನವೇ ಪಂಡಿತರಾದರು. ಪಾಠಶಾಲೆಯಲ್ಲಿ ಲಘುಕೌಮುದಿಯನ್ನೂ ಪಂಚಕಾವ್ಯಗಳನ್ನೂ ಓದಿದವರು. ಇಂಗ್ಲಿಷನ್ನು ಆಮೇಲೆ, ನಿಘಂಟಿನ ಕೈ ಹಿಡಿದುಕೊಂಡು ತಾವಾಗಿ ಕಲಿತವರು. ಹಾಗೆ ಕಲಿತವರಿಗೆ ಶಬ್ದದ ಕುಲಗೋತ್ರಗಳು ತಿಳಿದಿರುತ್ತವೆ. ಅದರ ನಡತೆ ಮಾತ್ರ ತಿಳಿದಿರುವುದಿಲ್ಲ. ಹೆಣ್ಣನ್ನು ನೋಡದೆ ಜಾತಕವನ್ನೇ ನೋಡಿ ಮದುವೆ ಗೊತ್ತುಮಾಡಿದಂತೆ.

ಅರ್ಧವರ್ಷದ ಪರೀಕ್ಷೆ ಮುಗಿದು ಅಂಕಗಳ ಕಾರ್ಡುಗಳನ್ನು ಹಂಚಿದ್ದರು. ಒಂದು ಸಂಜೆ ಪಂಡಿತರು ತಮ್ಮ ಬಾಡಿಗೆ ಮನೆಯ ಜಗಲಿಯ ಮೇಲೆ ಕುಳಿತಿದ್ದಾಗ ಒಬ್ಬ ರೈತನು ಬಂದನು. ಊರಾಚೆ ಅವನಿಗೆ ಅರ್ಧ ಎಕರೆ ವೀಳ್ಯದೆಲೆಯ ತೋಟ. ಮಗ ಒಂಬತ್ತನೆಯ ತರಗತಿ. ತಂದೆ ಒಂದು ಕಟ್ಟು ಎಲೆಯನ್ನು ಜಗಲಿಯ ಅಂಚಿನಲ್ಲಿಟ್ಟು, ಅಂಗಿಯ ಒಳಜೇಬಿನಿಂದ ಕಾರ್ಡನ್ನು ತೆಗೆದನು.

“ಸ್ವಾಮಿ, ಇದರಾಗೆ ಕೆಂಪಗೆ ಏನೋ ಬರೆದವ್ರೆ. ಹುಡುಗನ್ನ ಕೇಳಿದರೆ ಗೊತ್ತಿಲ್ಲ ಅಂತಾನೆ. ಕೆಂಪಗೆ ಬರೆದರೆ ಒಳ್ಳೇದಾ, ಕೆಟ್ಟದ್ದಾ?”

ಪಂಡಿತರು ನೋಡಿದರು. ಇಂಗ್ಲಿಷಿನಲ್ಲಿ ನೂರಕ್ಕೆ 11 ಅಂಕ. ಕೊನೆಯಲ್ಲಿ ‘ಷರಾ’ ಎಂಬ ಕಾಲಮಿನಲ್ಲಿ ಒಂದೇ ಒಂದು ಶಬ್ದ. ಬರೆದವರ ಕೈ ಒತ್ತಿದ್ದುದರಿಂದ ಅದರ ಗುರುತು ಕಾರ್ಡಿನ ಹಿಂಬದಿಯಲ್ಲಿಯೂ ಮೂಡಿತ್ತು. ಏನು ಹೇಳಬೇಕೆಂದು ತೋಚದೆ ಅವರು ಒಳಗೆ ಹೋಗಿ ನಿಘಂಟನ್ನು ತಂದರು. ಗೊತ್ತಿಲ್ಲದೆ ಅಲ್ಲ, ಹೊತ್ತು ಕಳೆಯುವುದಕ್ಕೆ. ಹೋಪ್ ಎಂದರೆ ಆಸೆ, ಲೆಸ್ ಎಂದರೆ ಇಲ್ಲದ. ಕೊನೆಗೆ, ಶಬ್ದಕ್ಕೆ ತಪ್ಪದಂತೆ, “ಆಸೆ ಇಲ್ಲದವನು ಎಂದರ್ಥ ಕಣಪ್ಪಾ” ಎಂದರು.

ತಂದೆಯ ಮುಖ ಬಾಡುವುದೆಂದು ಅವರು ತಲೆ ತಗ್ಗಿಸಿದ್ದರು. ತಲೆಯೆತ್ತಿದಾಗ ಆ ಮುಖವು ಅರಳಿತ್ತು.

“ಅದು ಖರೆ ಸ್ವಾಮಿ! ಸಂತೆಗೆ ಕರಕೊಂಡು ಹೋದರೆ ಒಂದು ಪುರಿ ಪೊಟ್ಟಣ ಕೇಳೋನಲ್ಲ. ಹಬ್ಬಕ್ಕೆ ಬಟ್ಟೆ ಅಂದರೆ ತಂಗಿಗೆ ತನ್ನಿ ಅಂತಾನೆ. ಮೇಷ್ಟ್ರು ಅದನ್ನೂ ಕಂಡುಕೊಂಡವ್ರಲ್ಲ!”

ಕಾರ್ಡನ್ನು ಕಣ್ಣಿಗೊತ್ತಿಕೊಂಡು ಅವನು ಹೊರಟುಹೋದನು. ಪಂಡಿತರು ಕರೆಯಲಿಲ್ಲ.

ತಂದೆಯು ಮಾಡಿಕೊಂಡ ಅರ್ಥವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭವಲ್ಲ. ಕನ್ನಡದಲ್ಲಿ ‘ಆಸೆ’ ಎಂಬುದು ‘ಆಶಾ’ ಶಬ್ದದ ತದ್ಭವವಾದರೂ ತವರಿನಲ್ಲಿದ್ದ ಗುಣವನ್ನೆಲ್ಲ ತಂದುದಲ್ಲ. ಕನ್ನಡಿಗನಿಗೆ ಆಸೆಯೆಂದರೆ ಮೊದಲು ಬೇಕೆಂಬ ಬಯಕೆ, ಆಮೇಲೆ ದುರಾಸೆ. ಆಸೆಬುರುಕನೆಂಬುದು ಬೈಗುಳು, ಆಸೆಯಿಲ್ಲದವನೆಂಬುದು ಹೊಗಳಿಕೆ. ಸಂಸ್ಕೃತದಲ್ಲಿಯೂ ಈ ಶಬ್ದಕ್ಕೆ ಅಂಥ ಮರ್ಯಾದೆಯೇನೂ ಇಲ್ಲ. ಅಮರಕೋಶವು ‘ಆಶಾ’ ಎಂಬುದಕ್ಕೆ ದಿಕ್ಕೆಂಬ ಅರ್ಥವನ್ನು ಒಂದು ಕಡೆ ಹೇಳಿ, ನಾನಾರ್ಥವರ್ಗದಲ್ಲಿ ಉದ್ದವಾದ ತೃಷ್ಣೆಯೆಂಬ ಅರ್ಥವನ್ನು ಹೇಳುತ್ತದೆ. ಎರಡೂ ಕೈಗೆ ಸಿಕ್ಕುವ ವಸ್ತುಗಳಲ್ಲ. ಭಗವದ್ಗೀತೆಯಲ್ಲಿ 3, 4 ಮತ್ತು 6ನೆಯ ಅಧ್ಯಾಯಗಳಲ್ಲಿ ಬರುವ ‘ನಿರಾಶೀಃ’ ಎಂಬ ವಿಶೇಷಣವು ಯೋಗಿಗೆ ಸಲ್ಲುವುದು. ವೈಯಾಕರಣರು ಅಲ್ಲಿರುವುದು ಆಶಾ ಶಬ್ದವಲ್ಲ, ಆಶಿಸ್ ಶಬ್ದ ಎಂದು ಬೆರಳೆತ್ತುವರು, ಎತ್ತಲಿ. ಭಾವದಲ್ಲಿ ಎರಡೂ ಅಕ್ಕತಂಗಿಯರೇ.

ಇದಕ್ಕಿಂತಲೂ ಸ್ಪಷ್ಟವಾದುದು ಪಿಂಗಳೆಯ ಕಥೆ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನು ಯದುರಾಜನಿಗೆ ತನ್ನ ಇಪ್ಪತ್ತನಾಲ್ಕು ಮಂದಿ ಗುರುಗಳನ್ನು ಎಣಿಸಿ ಹೇಳುತ್ತಾನೆ. ಭೂಮಿ, ಗಾಳಿ, ಜೇಡ, ಹೆಬ್ಬಾವುಗಳ ಸಾಲಿನಲ್ಲಿ ವಿದೇಹನಗರದ ವೇಶ್ಯೆಯಾದ ಪಿಂಗಳೆಯೂ ಒಬ್ಬಳು. ಒಂದು ರಾತ್ರಿ ಹಣವುಳ್ಳವನೊಬ್ಬನು ಬಂದಾನೆಂದು ಅವಳು ಬಾಗಿಲಲ್ಲಿ ನಿಂತಳು. ಬೀದಿಯಲ್ಲಿ ಹೋಗುವವರನ್ನೆಲ್ಲ ನೋಡಿದಳು. ಒಳಗೆ ಹೋದಳು, ಮತ್ತೆ ಹೊರಗೆ ಬಂದಳು. ನಡುರಾತ್ರಿಯಾಯಿತು, ಯಾರೂ ಬರಲಿಲ್ಲ. ಆಗ ಅವಳಿಗೆ ತನ್ನ ಕಾಯುವಿಕೆಯ ಮೇಲೆಯೇ ಜುಗುಪ್ಸೆ ಹುಟ್ಟಿ, ಆಸೆಯನ್ನು ಬಿಟ್ಟಳು. ಬಿಟ್ಟು, ಸುಖವಾಗಿ ನಿದ್ರೆ ಹೋದಳು. ಸಾಂಖ್ಯಸೂತ್ರಗಳ ನಾಲ್ಕನೆಯ ಅಧ್ಯಾಯವೂ ಸುಖಿಯಾದವನಿಗೆ ಇವಳನ್ನೇ ದೃಷ್ಟಾಂತವಾಗಿ ಕೊಡುತ್ತದೆ. ಈ ಕಥೆಯನ್ನು ಇಂಗ್ಲಿಷಿಗೆ ತಿರುಗಿಸುವವನು ಪಿಂಗಳೆಯನ್ನು ‘ಹೋಪ್‌ಲೆಸ್’ ಎಂದು ಬರೆದನಾದರೆ ಓದುವವರು ಅವಳು ಬಾವಿಗೆ ಬಿದ್ದಳೆಂದೇ ತಿಳಿದಾರು.

ಏಕೆಂದರೆ ಅಲ್ಲಿಯವರಿಗೆ ಹೋಪ್ ಎಂಬುದು ಗುಣಗಳಲ್ಲೊಂದು. ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ನಂಬಿಕೆ, ಪ್ರೀತಿಗಳ ಜೊತೆಗೆ ಅದನ್ನು ನಿಲ್ಲಿಸಿದನು. ಆ ಮತದ ಶಾಸ್ತ್ರಕಾರರು ಈ ಮೂರನ್ನೂ ದೈವಿಕ ಸದ್ಗುಣಗಳೆಂದು ಕರೆದರು. ಇದ್ದರೆ ಗುಣವೆಂದ ಮೇಲೆ ಇಲ್ಲದಿರುವುದು ದೋಷವಾಗಬೇಕಷ್ಟೆ; ಆದುದರಿಂದ ನಿರಾಶೆಯು ಅಲ್ಲಿ ದುಃಖವಷ್ಟೇ ಅಲ್ಲ, ಪಾಪವೂ ಆಯಿತು. ದಾಂತೆ ಕವಿಯು ತನ್ನ ನರಕದ ಹೆಬ್ಬಾಗಿಲಿನ ಮೇಲೆ ಕೆತ್ತಿಸಿದ ಬರಹದಲ್ಲಿ ಒಳಗೆ ಬರುವವರಿಗೆ ಬಿಟ್ಟುಬರಬೇಕೆಂದು ಹೇಳಿರುವುದು ಇದೊಂದನ್ನೇ. ನಮ್ಮಲ್ಲಿ ಮೋಕ್ಷದ ಬಾಗಿಲಲ್ಲಿ ಬಿಡಬೇಕಾದುದನ್ನು ಅವರು ನರಕದ ಬಾಗಿಲಲ್ಲಿ ಬಿಡುತ್ತಾರೆ. ಗ್ರೀಕರು ಮಾತ್ರ ಇಬ್ಬರ ನಡುವೆ ಸಿಕ್ಕಿದ್ದಾರೆ. ಹೆಸಿಯಡ್ ಕವಿ ಹೇಳುವ ಪಂಡೋರಳ ಗಡಿಗೆಯಿಂದ ಕೇಡುಗಳೆಲ್ಲ ಹೊರಗೆ ಹಾರಿ, ಆಸೆಯೊಂದು ಒಳಗುಳಿಯಿತು. ಕೇಡುಗಳ ಗಡಿಗೆಯಲ್ಲಿ ಅದೇಕಿತ್ತು, ಉಳಿದುದು ಮನುಷ್ಯನಿಗೆ ಒಳಿತೋ ಕೇಡೋ ಎಂದು ಅಲ್ಲಿಯ ವಿದ್ವಾಂಸರು ಇಂದಿಗೂ ವಾದಿಸುತ್ತಿದ್ದಾರೆ.

‘ಲೆಸ್’ ಎಂಬ ಬಾಲದ ವಿಚಾರವೂ ಒಂದು ಮಾತು. ಶಾಲೆಯ ಮಕ್ಕಳು ಇದನ್ನು ‘ಕಡಮೆ’ ಎಂಬ ಅರ್ಥದ ಲೆಸ್ ಎಂದುಕೊಂಡು ಹೋಪ್‌ಲೆಸ್ ಎಂದರೆ ಆಸೆ ಕಡಮೆಯಾದವನು ಎಂದು ಬರೆಯುವುದುಂಟು. ಎರಡೂ ಬೇರೆ ಶಬ್ದಗಳು. ಬಾಲದ ಲೆಸ್ ಹಳೆಯ ಇಂಗ್ಲಿಷಿನಲ್ಲಿ ‘ಬಿಡುಗಡೆಯಾದ, ಇಲ್ಲದ’ ಎಂಬರ್ಥದ ಒಂದು ಸ್ವತಂತ್ರ ಶಬ್ದದಿಂದ ಬಂದುದು. ಸಡಿಲವೆಂಬರ್ಥದ ‘ಲೂಸ್’ ಅದರ ದಾಯಾದಿ. ಕಡಮೆಯ ಲೆಸ್‌ಗೂ ಇದಕ್ಕೂ ಸೂತಕವಿಲ್ಲ. ಆದರೂ ಮಕ್ಕಳ ತಪ್ಪಿನಲ್ಲಿ ಒಂದು ದಯೆಯಿದೆ.

ಇಷ್ಟನ್ನೆಲ್ಲ ಪಂಡಿತರು ಆ ರಾತ್ರಿಯೇ ಯೋಚಿಸಿದರೆಂದಲ್ಲ. ಆ ರಾತ್ರಿ ಅವರು ತಾವು ಹೇಳಿದುದು ಸುಳ್ಳಲ್ಲವೆಂದು ತಮಗೆ ತಾವೇ ಸಮಾಧಾನ ಹೇಳಿಕೊಂಡು ಮಲಗಿದರು. ಅದು ಎರಡು ದಿನ ನಡೆಯಿತು. ಮೂರನೆಯ ದಿನ ಶಾಲೆ ಬಿಟ್ಟ ಮೇಲೆ ಇಂಗ್ಲಿಷಿನ ಉಪಾಧ್ಯಾಯರು ಅವರ ಮನೆಗೆ ಬಂದರು.

“ಪಂಡಿತರೇ, ಆ ತೋಟದವನಿಗೆ ಏನೆಂದು ಅರ್ಥ ಹೇಳಿದಿರಿ? ಈ ದಿನ ನಾಲ್ಕು ಜನರ ಎದುರಿಗೆ ಬಂದು ನನಗೆ ಕೈಮುಗಿದು ಹೋದ. ನನ್ನ ಮಗನ ಗುಣವನ್ನು ನನಗಿಂತ ಚೆನ್ನಾಗಿ ಬಲ್ಲಿರಿ ಎಂದ. ನಾನು ಮುಖವನ್ನು ಎಲ್ಲಿಟ್ಟುಕೊಳ್ಳಲಿ?”

ಅವರು ಕೆಟ್ಟವರಲ್ಲ. ಒಂದೊಂದು ತರಗತಿಯಲ್ಲಿ ಅರವತ್ತು ಮಕ್ಕಳನ್ನಿಟ್ಟುಕೊಂಡು ಇಪ್ಪತ್ತು ವರ್ಷ ಕಿರುಚಿ ಗಂಟಲು ಕೆಡಿಸಿಕೊಂಡವರು. ಪಂಡಿತರು ನಡೆದುದನ್ನು ಹೇಳಿದರು. ಅವರಿಗೆ ನಗು ಬರಲಿಲ್ಲ.

“ನಾನು ಬರೆದದ್ದು ಹುಡುಗನನ್ನಲ್ಲ, ಅವನ ಇಂಗ್ಲಿಷನ್ನು” ಎಂದರು.

“ಹಾಗಾದರೆ ವಿಶೇಷ್ಯವೆಲ್ಲಿ?” ಎಂದು ಪಂಡಿತರು ಕೇಳಿದರು. “ವಿಶೇಷಣವೊಂದನ್ನೇ ಬರೆದು ಬಿಟ್ಟರೆ ಅದು ಹತ್ತಿರ ಸಿಕ್ಕಿದ ಹೆಸರಿಗೆ ಹೋಗಿ ಅಂಟಿಕೊಳ್ಳುತ್ತದೆ. ಕಾರ್ಡಿನಲ್ಲಿದ್ದುದು ಹುಡುಗನ ಹೆಸರು.”

ಮಾತು ವ್ಯಾಕರಣಕ್ಕೆ ತಿರುಗಿದುದು ಇಬ್ಬರಿಗೂ ಅನುಕೂಲವಾಯಿತು. ಸಂಸ್ಕೃತದಲ್ಲಿ ‘ನಿರಾಶ’ ಎಂಬುದು ಬಹುವ್ರೀಹಿ: ಯಾವನಿಂದ ಆಶೆಯು ಹೊರಟುಹೋಯಿತೋ ಅವನು. ‘ಹತಾಶ’ನೂ ಹಾಗೆಯೇ: ಯಾವನ ಆಶೆಯು ಹತವಾಯಿತೋ ಅವನು. ಆಶೆಯ ಒಡೆಯನಾರೆಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಅದಕ್ಕಾಗಿಯೇ ‘ಹತಾಶವಾದ ಜ್ವರ’ ಎಂದು ಯಾರೂ ಹೇಳುವುದಿಲ್ಲ. ಜ್ವರಕ್ಕೆ ಎಲ್ಲಿಯ ಆಶೆ? ಇಂಗ್ಲಿಷಿನಲ್ಲಿ ಹೋಪ್‌ಲೆಸ್ ಆದ ಜ್ವರವುಂಟು, ವ್ಯಾಜ್ಯವುಂಟು, ಕೈಬರಹವುಂಟು. ಅಲ್ಲೆಲ್ಲ ಆಶೆಯನ್ನು ಕಳೆದುಕೊಂಡವನು ಪಕ್ಕದಲ್ಲಿ ನಿಂತು ನೋಡುವವನು. ಹೆಸರು ಬರುವುದು ನೋಡಿಸಿಕೊಂಡುದಕ್ಕೆ. ‘ನಿದ್ದೆಯಿಲ್ಲದ ರಾತ್ರಿ’ ಎನ್ನುವಾಗ ಕನ್ನಡದವರೂ ಹೀಗೆಯೇ ಮಾಡುತ್ತೇವೆಂದು ಇಂಗ್ಲಿಷಿನವರು ಸಮರ್ಥಿಸಿದರು. ನಿದ್ದೆ ಕೆಟ್ಟುದು ರಾತ್ರಿಗಲ್ಲವಷ್ಟೆ. ಅದು ಸರಿಯೇ. ಆದರೆ ರಾತ್ರಿಯನ್ನು ಹಾಗೆಂದರೆ ರಾತ್ರಿಗೆ ನೋಯುವುದಿಲ್ಲ. ಮನುಷ್ಯನಿಗೆ ಈ ವಿಶೇಷಣವನ್ನು ಹಚ್ಚಿದಾಗಲೇ ತೊಡಕು: ತಾನೇ ಆಶೆಗೆಟ್ಟು ಕುಳಿತವನನ್ನೂ, ಇತರರು ಆಶೆಬಿಟ್ಟವನನ್ನೂ ಇಂಗ್ಲಿಷು ಒಂದೇ ಶಬ್ದದಿಂದ ಕರೆಯುತ್ತದೆ. ಎರಡನೆಯ ತರಹದವನಾಗಿ ಕರೆಯಿಸಿಕೊಂಡ ಹುಡುಗನು ಕೆಲವು ದಿನಗಳಲ್ಲಿ ಮೊದಲನೆಯ ತರಹದವನೂ ಆಗುವುದುಂಟು.

ಹೋಪ್ ಶಬ್ದದ ವಿಷಯದಲ್ಲಿ ಇಂಗ್ಲಿಷರೇ ಮೋಸಹೋದ ಒಂದು ಸಂದರ್ಭವನ್ನು ಇಂಗ್ಲಿಷಿನವರು ಆಗ ನೆನೆದರು. ಕೋಟೆಯ ಗೋಡೆ ಒಡೆದಾಗ ಎಲ್ಲರಿಗಿಂತ ಮೊದಲು ಆ ಬಿರುಕಿಗೆ ನುಗ್ಗುವ ಚಿಕ್ಕ ತಂಡಕ್ಕೆ ಅವರ ಸೈನ್ಯದಲ್ಲಿ ‘ಫರ್ಲಾರ್ನ್ ಹೋಪ್’ ಎಂದು ಹೆಸರು. ಕೇಳಿದವರು ‘ಕಡೆಯ, ಬಡಪಾಯಿ ಆಸೆ’ ಎಂದೇ ತಿಳಿಯುತ್ತಾರೆ. ಮೂಲದಲ್ಲಿ ಅದು ಡಚ್ಚರ ‘ವೆರ್ಲೋರೆನ್ ಹೋಪ್’. ಅಲ್ಲಿಯ ಹೋಪ್ ಎಂದರೆ ಗುಂಪು, ರಾಶಿ. ಕಳೆದುಹೋದ ಗುಂಪೆಂದಷ್ಟೇ ಅರ್ಥ. ಹೋದವರು ಬರುವುದಿಲ್ಲವೆಂದು ಲೆಕ್ಕದಿಂದ ಮೊದಲೇ ಕಳೆದುಬಿಟ್ಟವರು. 16ನೆಯ ಶತಮಾನದಲ್ಲಿ ಇಂಗ್ಲಿಷರ ಕಿವಿಗೆ ಅದು ತಮ್ಮ ಹೋಪ್ ಆಗಿ ಕೇಳಿಸಿತು. 1799ನೆಯ ಮೇ 4ರಂದು ನಡುಹಗಲಿನಲ್ಲಿ ಜನರಲ್ ಬೇರ್ಡನ ಕೈಕೆಳಗೆ ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದ ಒಡೆದ ಗೋಡೆಯನ್ನು ಹತ್ತಿದ ಎರಡು ಸಾಲುಗಳಿಗೂ ಮುಂದೆ ಅಂಥ ಒಂದೊಂದು ತಂಡವಿತ್ತು: ಒಬ್ಬ ಸಾರ್ಜೆಂಟ್, ತಾವಾಗಿ ಒಪ್ಪಿ ಬಂದ ಹನ್ನೆರಡು ಮಂದಿ. ಸಾರ್ಜೆಂಟ್ ಗ್ರಹಾಂ ಎಂಬವನು ಗೋಡೆಯ ಮೇಲೆ ಬಾವುಟವನ್ನು ನೆಟ್ಟು ಅಲ್ಲಿಯೇ ಗುಂಡು ತಗುಲಿ ಬಿದ್ದನು. ಟಿಪ್ಪು ಸುಲ್ತಾನನು ಮಡಿದುದೂ ಆ ದಿನವೇ. ಬೇರ್ಡನಾದರೋ 1780ರಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕಿ, 1784ರವರೆಗೆ ಆ ಕೋಟೆಯೊಳಗೇ ಬಂದಿಯಾಗಿದ್ದವನು. ಆಗ ಅವನನ್ನು ನೋಡಿದವರು ಯಾವ ವಿಶೇಷಣವನ್ನು ಬಳಸಿದ್ದರೋ!

ಏಳುವಾಗ ಇಂಗ್ಲಿಷಿನವರು ಮತ್ತೊಂದು ಮಾತು ಹೇಳಿದರು. ಅದು ವ್ಯಾಕರಣವಲ್ಲ.

“ಅವನು ಈ ವರ್ಷ ಹುಡುಗನನ್ನು ಬಿಡಿಸಿ ತೋಟಕ್ಕೆ ಹಾಕಬೇಕೆಂದಿದ್ದನಂತೆ. ಈಗ, ಮೇಷ್ಟ್ರೇ ಹೀಗೆ ಬರೆದ ಮೇಲೆ ಸಾಲವಾದರೂ ಸರಿ ಓದಿಸುತ್ತೇನೆ ಎಂದು ಹೇಳಿಹೋದ. ಬಾವಿಯಲ್ಲಿ ನೀರಿಲ್ಲ, ಅರ್ಧ ಬಳ್ಳಿ ಒಣಗಿದೆ. ನಾಳೆ ಹುಡುಗ ಫೇಲಾದರೆ ನಿಮ್ಮ ಬಹುವ್ರೀಹಿ ಆ ಸಾಲವನ್ನು ತೀರಿಸುತ್ತದೆಯೇ?”

ಪಂಡಿತರಲ್ಲಿ ಉತ್ತರವಿರಲಿಲ್ಲ.

ವೈದ್ಯರ ಲೆಕ್ಕ ಇದಕ್ಕಿಂತ ಮೇಲು. ಇಂಗ್ಲಿಷು ವೈದ್ಯರು ‘ಹೋಪ್‌ಲೆಸ್ ಕೇಸ್’ ಎಂದರೆ ಮನೆಯವರು ಗಂಗೆಯ ತಾಲಿಯನ್ನು ಹುಡುಕುತ್ತಾರೆ. ಆ ಶಬ್ದದಾಚೆ ಮೆಟ್ಟಲಿಲ್ಲ. ಚರಕಸಂಹಿತೆಯು ರೋಗಗಳನ್ನು ಸಾಧ್ಯ ಅಸಾಧ್ಯಗಳೆಂದು ಮೊದಲು ವಿಂಗಡಿಸಿ, ಅಷ್ಟಕ್ಕೇ ನಿಲ್ಲದೆ, ಸಾಧ್ಯದಲ್ಲಿ ಸುಖಸಾಧ್ಯ ಕೃಚ್ಛ್ರಸಾಧ್ಯಗಳನ್ನೂ, ಅಸಾಧ್ಯದಲ್ಲಿಯೇ ‘ಯಾಪ್ಯ’ವೆಂಬ ಒಂದು ಬಗೆಯನ್ನೂ ಹೇಳುತ್ತದೆ. ಯಾಪ್ಯವು ಗುಣವಾಗದು, ಆದರೆ ಪಥ್ಯ ಔಷಧಗಳಿಂದ ಹಿಡಿದು ನಿಲ್ಲಿಸಬಹುದು, ರೋಗಿಯು ದಿನ ಕಳೆಯಬಹುದು. ಬಿಟ್ಟರೆ ಬೀಳುತ್ತದೆ. ಬಹುಮಂದಿ ಮಕ್ಕಳ ಇಂಗ್ಲಿಷು, ಬಹುಮಂದಿ ದೊಡ್ಡವರ ಸ್ವಭಾವ, ಯಾಪ್ಯದ ಪಂಗಡಕ್ಕೆ ಸೇರಿದವು. ಷರಾ ಕಾಲಮಿಗೆ ಈ ಶಬ್ದವು ಸಿಕ್ಕಿದ್ದರೆ ಎಷ್ಟೋ ಕೆಂಪು ಮಸಿ ಉಳಿಯುತ್ತಿತ್ತು.

ಆ ಭಾನುವಾರ ಪಂಡಿತರು ತೋಟಕ್ಕೆ ಹೋದರು. ಅಗಸೆಯ ಮರಗಳಿಗೆ ಹಬ್ಬಿದ್ದ ಬಳ್ಳಿಗಳನ್ನು ತಂದೆಯೂ ಮಗನೂ ಇಳಿಸುತ್ತಿದ್ದರು. ಮೇಲೇರಿದ ಬಳ್ಳಿಯನ್ನು ಬಿಡಿಸಿ ತಂದು, ಬುಡದಲ್ಲಿ ಸುರುಳಿಮಾಡಿ ಮಣ್ಣು ಮುಚ್ಚಿ, ತುದಿಯನ್ನು ಮತ್ತೆ ಮರಕ್ಕೆ ಬಾಳೆಯ ನಾರಿನಿಂದ ಕಟ್ಟುವ ಕೆಲಸ. ಕಟ್ಟು ಬಿಗಿಯಾದರೆ ಬಳ್ಳಿ ಮುರಿಯುತ್ತದೆ, ಸಡಿಲವಾದರೆ ಜಾರುತ್ತದೆ. ಹುಡುಗನ ಬೆರಳುಗಳು ಅದನ್ನು ನೋಡದೆಯೇ ಮಾಡುತ್ತಿದ್ದವು. ಪಂಡಿತರು ಅವನನ್ನು ನೀರು ತರಲು ಕಳುಹಿಸಿ ತಂದೆಯನ್ನು ಕರೆದು ನಿಜವನ್ನು ಹೇಳಿದರು: ಅದು ಹೊಗಳಿಕೆಯಲ್ಲ; ಹುಡುಗನು ಇಂಗ್ಲಿಷಿನಲ್ಲಿ ಮುಂದೆ ಬರುವನೆಂಬ ಆಸೆ ಇಲ್ಲವೆಂದು ಅದರ ಅರ್ಥ; ತಾವು ಅಂದೇ ಹೇಳದೆ ಹೋದದ್ದು ತಪ್ಪು.

ಅವನು ನಾರನ್ನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಸುಮ್ಮನಿದ್ದನು.

“ಯಾರಿಗೆ ಸ್ವಾಮಿ, ಆಸೆ ಇಲ್ಲದ್ದು?”

“ಮೇಷ್ಟರಿಗೆ.”

“ಹಂಗಾದರೆ ಅದನ್ನ ಹುಡುಗನ ಕಾರ್ಡಿನಾಗೆ ಯಾಕೆ ಬರೆದವ್ರೆ?”

ಇದನ್ನೇ ಇಬ್ಬರು ಉಪಾಧ್ಯಾಯರು ಒಂದು ಸಂಜೆಯೆಲ್ಲ ಕುಳಿತು ಬಹುವ್ರೀಹಿಯಿಂದ ಬಿಡಿಸಿದ್ದರು. ಪಂಡಿತರು ಸಾಲದ ವಿಷಯವನ್ನು ಕೇಳಿದರು. ಹಸುವೊಂದನ್ನು ಮಾರುವುದೆಂದು ಮಾತಾಗಿದೆ, ಇನ್ನೂ ಕೊಟ್ಟಿಲ್ಲ ಎಂದನು. ಮಾರುವೆಯೋ ಬಿಡುವೆಯೋ ಎಂದು ಕೇಳಲು ಅವರಿಗೆ ಬಾಯಿ ಬರಲಿಲ್ಲ. ಹುಡುಗನು ನೀರಿನ ಚೊಂಬನ್ನು ತಂದು ಕೊಟ್ಟು, ಬಿಟ್ಟ ಬಳ್ಳಿಯ ಬಳಿಗೆ ಹೋದನು. ಅವನಿಗೆ ಆ ಶಬ್ದದ ಅರ್ಥ ಮೊದಲಿನಿಂದಲೂ ಗೊತ್ತಿತ್ತೆಂಬುದು ಅವನು ತಲೆಯೆತ್ತದೆ ಇದ್ದ ರೀತಿಯಿಂದಲೇ ತಿಳಿಯುತ್ತಿತ್ತು.

ಹಸುವು ಮಾರಾಟವಾಯಿತು. ವರ್ಷದ ಕೊನೆಯ ಪರೀಕ್ಷೆಯ ಕಾರ್ಡಿನಲ್ಲಿ ಷರಾ ಇಂಗ್ಲಿಷಿನ ಉಪಾಧ್ಯಾಯರ ಕೈಯಿಂದಲೇ ನೀಲಿ ಮಸಿಯಲ್ಲಿ ಬಂದಿತು. ಈ ಸಲ ವಿಶೇಷ್ಯವೂ ಜೊತೆಯಲ್ಲಿತ್ತು: ‘ಇಂಗ್ಲಿಷು ದುರ್ಬಲ.’ ಅದೂ ಇಂಗ್ಲಿಷಿನಲ್ಲಿಯೇ ಇದ್ದುದರಿಂದ ತಂದೆಯು ಮತ್ತೆ ಜಗಲಿಗೆ ಬಂದನು. ಅರ್ಥವನ್ನು ಕೇಳಿ, “ಅದಕ್ಕೇನು ಔಷಧಿ?” ಎಂದನು. ಪಂಡಿತರು ಅವನನ್ನು ಇಂಗ್ಲಿಷಿನವರ ಮನೆಗೆ ಕಳುಹಿಸಿದರು. ಬೇಸಿಗೆಯ ರಜೆಯಲ್ಲಿ ಹುಡುಗನು ದಿನವೂ ಬೆಳಗ್ಗೆ ಅಲ್ಲಿಗೆ ಹೋಗುತ್ತಿದ್ದನು. ವಾರಕ್ಕೊಮ್ಮೆ ಒಂದು ಕಟ್ಟು ಎಲೆಯೂ ಹೋಗುತ್ತಿತ್ತು.

ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅವನು ಇಂಗ್ಲಿಷೊಂದರಲ್ಲಿ ನಪಾಸಾದನು. ಮರುಪರೀಕ್ಷೆಯಲ್ಲಿ 36 ಅಂಕಗಳು ಬಂದವು. ಫಲಿತಾಂಶ ಬಂದ ದಿನ ತಂದೆಯು ಅಂಕಪಟ್ಟಿಯನ್ನು ತಂದು ತೋರಿಸಿದನು. ಅದರಲ್ಲಿ ಷರಾ ಎಂಬ ಕಾಲಂ ಇರಲಿಲ್ಲ. ಅವನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದರಾಗೆ ಏನೂ ಬರೆದಿಲ್ಲವಲ್ಲ ಸ್ವಾಮಿ” ಎಂದನು.